ನನ್ನ ನಾಗಸ್ವರಕ್ಕೆ ಮೂರು ಬಗೆಯ ಮೆರುಗು

ನಂಬಿಕೆ ಬರದಿದ್ದರೆ ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ಯಾರನ್ನು ಬೇಕಾದರೂ ಕೇಳಿ. ಇಡೀ ಬಂಟ್ವಾಳ ತಾಲೂಕಿನಲ್ಲಿ ಹಲಸಿನ ಮರದ ಗಟ್ಟಿ ಚೇಗು ಕಡೆದು ನಾಗಸ್ವರ ಮಾಡಿದ ಇಪ್ಪತ್ತೆರಡರ ಹುಡುಗ ನಾನೊಬ್ಬನೇ. ಇಂಥವನಿಗೇ ಇಂಥದ್ದೆಲ್ಲ ಆಗುವುದು. "ಅಕ್ಕನ ಮದುವೆಗೆ ನನ್ನ ನಾಗಸ್ವರವೇ ಊದುವುದು" ಅಂತ ಊರಿಡೀ ಹೇಳಿಯೂ ಆಗಿತ್ತು. ವಾಲಗದ ಯಜಮಾನರು ಊದಿ ನೋಡಿ, "ಸ್ವರ ಉಂಟು ಮಾರಾಯ. ಆದರೆ ಬೋಳು ಮರ, ಬೆವರು ಕುಡಿದರೆ ಬಿರಿಯುತ್ತದೆ. ಮೈಗೆ ಏನಾದರೂ ಹಚ್ಚಿ ತಾ, ಮದುವೆಗೆ ಊದುವ" ಎಂದರು.

೧. ತುಪ್ಪ

ಮನುಷ್ಯನಿಗೆ ಪುಷ್ಟಿ ಕೊಡುವುದು ಮರಕ್ಕೆ ಕೊಡದೆ ಇರುತ್ತದಾ? ಅಮ್ಮ ಮದುವೆಯ ಲಾಡು ಕಟ್ಟಲು ಇಟ್ಟ ತುಪ್ಪದಲ್ಲಿ ಒಂದು ಕುಡ್ತೆ ಎತ್ತಿ ಒಳಗೂ ಹೊರಗೂ ಉಜ್ಜಿ, ಎರಡು ದಿನ ಗೋಡೆಗೆ ತೂಗುಹಾಕಿದೆ. ಯಜಮಾನರು ಊದಿದರು. ಸ್ವರಕ್ಕಿಂತ ಮೊದಲು ಕೆಂಪಿರುವೆಗಳು ಹೊರಬಂದು, ಎದುರಿಗೆ ಕೂತಿದ್ದ ಡೋಲಿನವನ ಬೋಳುತಲೆಗೆ ಬಿದ್ದವು. ಅವನು ತನ್ನ ತಲೆಯನ್ನೇ ಬಡಿದುಕೊಳ್ಳುವಾಗ ಯಜಮಾನರು, "ಆದರೂ ತಾಳ ತಪ್ಪಲಿಲ್ಲ ನೋಡು" ಎಂದರು.

೨. ಗೇರೆಣ್ಣೆ

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ. ದೋಣಿಗೆ, ಮನೆ ಮಾಡಿನ ಪಕ್ಕಾಸಿನ ಮರಕ್ಕೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. "ಕೈಗೆ ತಾಗಿದರೆ ಸುಡುತ್ತದೆ, ಕೋಲಿಗೆ ಬಟ್ಟೆ ಸುತ್ತಿ ಹಚ್ಚು" ಅಂದ ಪಾಣೆಮಂಗಳೂರಿನ ದೋಣಿಯವ. ನನ್ನ ಕೈಯನ್ನಾ ಸುಡುವುದು? ಬರಿಗೈಯಲ್ಲೇ ಹಚ್ಚಿದೆ, ಅದೇ ಕೈಯಲ್ಲಿ ಮುಖದ ಬೆವರೂ ಒರಸಿಕೊಂಡೆ. ಮರುದಿನ ಮುಖ ಹಲಸಿನಕಾಯಿಯಷ್ಟು ಬಾತುಕೊಂಡಿತ್ತು. ಹಾಗೆಯೇ ನಾಗಸ್ವರ ಹಿಡಿದು ಹೋಗಿ ಯಜಮಾನರ ಅಂಗಳದಲ್ಲಿ ನಿಂತರೆ ಅವರಿಗೆ ಗುರುತೇ ಸಿಗಲಿಲ್ಲ.

"ಕೂತುಕೊಳ್ಳಿ. ನಾಗಸ್ವರ ಅವನು ಕಳಿಸಿದ್ದಾ? ಕೆಲಸ ಪರವಾಗಿಲ್ಲ, ಬಾಯಿ ಮಾತ್ರ ಬೆಳ್ತಂಗಡಿಗೆ ಕೇಳುತ್ತದೆ. ನೀವು ಅವನ ಅಜ್ಜನಾ?"

ತುಟಿ ಬಿಚ್ಚಲಾಗದೆ, ಹೌದೆಂದು ತಲೆಯಾಡಿಸಿದೆ.

೩. ವಾರ್ನಿಶು

ಯಜಮಾನರ ಬೆರಳೂ ಸುಡಬಾರದಲ್ಲ. ಉಪ್ಪುಕಾಗದದಲ್ಲಿ ಗೇರೆಣ್ಣೆಯನ್ನೆಲ್ಲ ತಿಕ್ಕಿ ತೆಗೆಯುವಾಗ ಮದುವೆಗೆ ಎರಡೇ ದಿನ. ಮೂಡುಬಿದಿರೆಯಲ್ಲಿ ಬಸ್ಸಿಗೆ ಪೈಂಟು ಹೊಡೆಯುವವ ವಾರ್ನಿಶು ಕೊಟ್ಟು, "ತೆಳ್ಳಗೆ ಒಂದೇ ಕೋಟು" ಎಂದ. ನನ್ನ ಅಕ್ಕನ ಮದುವೆ! ದಪ್ಪಕ್ಕೆ ಮೂರು ಹೊಡೆದೆ. ಚಪ್ಪರದಲ್ಲಿ ನಾಗಸ್ವರ ಕನ್ನಡಿಯ ಹಾಗೆ ಹೊಳೆಯಿತು. ನಾನು ಹೊಸ ಬೆಲ್‌ಬಾಟಂ ಹಾಕಿ ಪಕ್ಕದಲ್ಲೇ ನಿಂತೆ.

ಯಜಮಾನರು ಊದಿದರು. ಬೆರಳಿನ ಬಿಸಿಗೆ ವಾರ್ನಿಶು ಅಂಟಾಯಿತು. ಏಳು ಬೆರಳೂ ಏಳು ತೂತಿಗೆ ಕಚ್ಚಿಕೊಂಡವು. ಒಂದೇ ಸ್ವರ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆಂದು ಅವರು ಇನ್ನೂ ಜೋರಾಗಿ ಊದಿದರು. ಮುಹೂರ್ತ ಬಂತು ಅಂದುಕೊಂಡ ಡೋಲಿನವ ಗಟ್ಟಿಮೇಳ ಬಾರಿಸಿಯೇ ಬಿಟ್ಟ. ಇಡೀ ಚಪ್ಪರ ಎದ್ದು ನಿಂತು ಅಕ್ಷತೆ ಎಸೆಯಿತು.

ಮಂಟಪದಲ್ಲಿ ಇದ್ದದ್ದು ಭಾವ ಒಬ್ಬರೇ. ಅಕ್ಕ ಒಳಗೆ ಇನ್ನೂ ಮಲ್ಲಿಗೆ ಮುಡಿಯುತ್ತಿದ್ದಳು.

ಭಾವ ತಲೆಯ ಅಕ್ಕಿ ಕೊಡವಿ, "ನನ್ನ ಮದುವೆ ಆಯಿತಾ ಭಟ್ರೇ? ಯಾರ ಜೊತೆ?" ಎಂದು ಕೇಳಿದರು.

ಸೀಮೆಎಣ್ಣೆ ಹಾಕಿ ಯಜಮಾನರ ಬೆರಳು ಬಿಡಿಸಿದೆವು. ಅಕ್ಕ ಬಂದು ನಿಂತಾಗ ಅವರು ತಮ್ಮ ಹಳೆಯ ನಾಗಸ್ವರ ಎತ್ತಿಕೊಂಡರು.

"ಹಾಗಾದರೆ ಮದುವೆಯ ವಾಲಗದಲ್ಲಿ ನನ್ನದು ಏನೂ ಇಲ್ವಾ ಯಜಮಾನ್ರೇ?" ಅಂದೆ.

"ಉಂಟಲ್ಲ. ಇದಕ್ಕೆ ಮಾತ್ರ ಏನೂ ಹಚ್ಚಬೇಡ" ಎಂದು ಚೀಲಕ್ಕೆ ಕೈ ಹಾಕಿದರು.

ಕೊಟ್ಟದ್ದು ಒಂದು ಜೊತೆ ಹಿತ್ತಾಳೆಯ ತಾಳ.