ನಿಷ್ಠಾವಂತ ಅಯಾನು

ವಿಶಾಖಪಟ್ಟಣದ ಪ್ರಯೋಗಾಲಯವೊಂದರಲ್ಲಿ ನಾನು ಒಂದೇ ಒಂದು ಅಯಾನನ್ನು ಹಿಡಿಯುವ ಸಂಶೋಧನೆ ಮಾಡುತ್ತಿದ್ದೇನೆ. ಅಯಾನು ಎಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣು. ಅದನ್ನು ನಿರ್ವಾತದಲ್ಲಿ ವಿದ್ಯುತ್ತಿನಿಂದ ತೇಲಿಸಿ, ಲೇಸರಿನಿಂದ ತಣ್ಣಗಾಗಿಸಿದರೆ ಕ್ಯಾಮೆರಾದಲ್ಲಿ ಚುಕ್ಕೆಯಾಗಿ ಹೊಳೆಯುತ್ತದೆ. ಮುಂದೊಂದು ದಿನ ಇಂಥ ಚುಕ್ಕೆಗಳೇ ಕ್ವಾಂಟಮ್ ಕಂಪ್ಯೂಟರ್ ನಡೆಸುತ್ತವಂತೆ. ನನಗೆ ಸದ್ಯಕ್ಕೆ ಫೆಲೋಶಿಪ್ ನಡೆದರೆ ಸಾಕಿತ್ತು. ತಿಂಗಳ ಕೊನೆಗೆ ಬರುವ ಸಮಿತಿಗೆ ಚುಕ್ಕೆ ಕಾಣದಿದ್ದರೆ ಅದು ರದ್ದು.

ಅಯಾನನ್ನು ಹಿಡಿದಿಡುವ ಟ್ರ್ಯಾಪಿಗೆ ಬೇಕಾಗಿದ್ದುದು ಒಂದು ಉಕ್ಕಿನ ಉಂಗುರ. ಅದು ವಿಜಯವಾಡದ ಆಟೋನಗರದಲ್ಲಿ, ಸುಬ್ಬಾರಾವ್ ಗಾರು ಅವರ ಲೇತ್ ಶೆಡ್ಡಿನಲ್ಲಿತ್ತು. ಅವರು ಹಿಂದೆ ಬಳ್ಳಾರಿಯಲ್ಲಿದ್ದವರು, ಕನ್ನಡ ಬಲ್ಲರು. ಆದರೆ ನಾನು ಫೋನ್ ಮಾಡಿದಾಗ ಮಾತ್ರ "ರೇಪು ಬಾಬು" ಎನ್ನುತ್ತಿದ್ದರು. ರೇಪು ಎಂದರೆ ನಾಳೆ, ಬಾಬು ಎಂದರೆ ನಾನು. ಎರಡು ವಾರದಿಂದ ಅದೇ ನಾಳೆ.

ಕೊನೆಗೆ ನನ್ನ ಪ್ರತಿಭೆಯನ್ನು ವಿಜ್ಞಾನಕ್ಕೆ ಅರ್ಪಿಸಲು ತೀರ್ಮಾನಿಸಿದೆ. ಯಾರ ದನಿಯನ್ನಾದರೂ ನಾನು ಅನುಕರಿಸಬಲ್ಲೆ. ನಮ್ಮ ಗೈಡ್ ಕುಲಕರ್ಣಿ ಸರ್ ಧಾರವಾಡದವರು. ಅವರು ಊರಿಗೆ ಹೋದದ್ದೇ ತಡ, ಲ್ಯಾಬಿನ ಲ್ಯಾಂಡ್‌ಲೈನಿನಿಂದ ಆಟೋನಗರಕ್ಕೆ ಫೋನ್ ಮಾಡಿ ಅವರ ದನಿಯಲ್ಲಿ ಗದರಿದೆ. ಆ ಕಡೆ ಸ್ಟೂಲು ಸರಿದ ಸದ್ದಾಯಿತು. ಎದ್ದು ನಿಂತಿದ್ದರು.

"ಇವತ್ತೇ ಬಸ್ ಪಾರ್ಸೆಲ್ಲಿಗೆ ಹಾಕ್ತೀನಿ ಸರ್. ನಿಮ್ಮದು ಸಮುದ್ರದ ಊರು. ಬಂದರಿನ ಸಾಮಾನಿಗೆ ಮಾಡೋ ಹಾಗೇ ಮಾಡಿ ಕಳಿಸ್ಲಾ?"

ನಾನು ದನಿಯ ಗುಂಗಿನಲ್ಲಿದ್ದೆ. "ಮಾಡ್ರಿ, ಮಾಡ್ರಿ," ಎಂದೆ.

ಬಂದರಿನ ಸಾಮಾನಿಗೆ ತುಕ್ಕು ಹಿಡಿಯದಂತೆ ಗ್ರೀಸ್ ಬಳಿಯುತ್ತಾರೆ. ತುಪ್ಪದಲ್ಲಿ ಅದ್ದಿದ ಹೋಳಿಗೆಯಂತೆ ಉಂಗುರ ಬಂತು. ಬೆರಳಚ್ಚು ಬಿದ್ದರೂ ನಿರ್ವಾತ ಕೆಡುತ್ತದೆಂದು ಕೈಗವಸು ತೊಡುವವರು ನಾವು. ಸರ್ ಬರುವುದರೊಳಗೆ ಅದನ್ನು ಅಸಿಟೋನಿನಲ್ಲಿ ಮೂರು ಸಲ ತೊಳೆದು, ಜೋಡಿಸಿ, ಯಾರಿಗೂ ಹೇಳದೆ ಸಭ್ಯನಂತೆ ಕುಳಿತೆ.

ಸಮಿತಿ ಬಂತು. ಚುಕ್ಕೆ ಹೊಳೆಯಿತು. ಚಪ್ಪಾಳೆಯೂ ಆಯಿತು. ಆಗ ಸಮಿತಿಯ ಮೇಡಂ ಒಬ್ಬರು, "ಟ್ರ್ಯಾಪ್ ಒಮ್ಮೆ ಆಫ್ ಮಾಡಿ," ಎಂದರು. ಆಫ್ ಮಾಡಿದರೆ ಅಯಾನು ಹಾರಿಹೋಗಬೇಕು. ಮಾಡಿದೆ. ಚುಕ್ಕೆ ಕದಲಲಿಲ್ಲ. ಇಷ್ಟು ನಿಷ್ಠಾವಂತ ಅಯಾನು ಭೌತಶಾಸ್ತ್ರದಲ್ಲಿ ಇನ್ನೊಂದಿಲ್ಲ.

"ಅದು ಅಯಾನಲ್ಲ. ಲೇಸರ್ ಬಿದ್ದು ಹೊಳೀತಿರೋ ಕೊಳೆ," ಎಂದರು ಮೇಡಂ.

ಸರ್ ಅಲ್ಲೇ ಸ್ಪೀಕರ್ ಹಾಕಿ ಆಟೋನಗರಕ್ಕೆ ಫೋನ್ ಹಚ್ಚಿದರು. "ರಿಂಗಿಗೆ ಏನರೆ ಹಚ್ಚಿದ್ರೇನ್ರಿ?"

"ಗ್ರೀಸು. ತಾವೇ ಮಾಡ್ರಿ ಅಂದ್ರಲ್ಲ ಸರ್."

ಸರ್ ಪೆಚ್ಚಾದರು. "ನಾ ಅಂದ್ನೇನು? ಅಂದಿರಬಹುದು. ವಯಸ್ಸಾತು," ಎಂದು ಸಮಿತಿಯ ಕ್ಷಮೆ ಕೇಳತೊಡಗಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ. "ಅಂದಿದ್ದು ನೀವಲ್ಲ ಸರ್, ನಾನು," ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಪುರಾವೆಗಾಗಿ ಸಮಿತಿಯ ಸಮ್ಮುಖದಲ್ಲಿ, ಸರ್ ಎದುರಿಗೇ, ಸರ್ ದನಿಯಲ್ಲಿ "ಮಾಡ್ರಿ, ಮಾಡ್ರಿ" ಎಂದು ಮಾಡಿ ತೋರಿಸಬೇಕಾಯಿತು.

"ಹಾಂ, ಈ ಸರ್ರೇ ಅಂದಿದ್ದು," ಎಂದಿತು ಫೋನು. ಅದು ನನ್ನ ದನಿಯೆಂದು ತಿಳಿಸಿದ ಕೂಡಲೇ ಲೈನು ಕಟ್ಟಾಯಿತು.

ಸಮಿತಿ ದೊಡ್ಡ ಮನಸ್ಸು ಮಾಡಿ ಮೂರು ತಿಂಗಳ ಗಡುವು ಕೊಟ್ಟಿತು. "ಹೊಸಾ ರಿಂಗಿಗೆ ನೀ ಫೋನ್ ಮುಟ್ಟಬ್ಯಾಡ ತಮ್ಮಾ, ನಾನೇ ಮಾತಾಡ್ತೀನಿ," ಎಂದು ಸರ್ ಮರುದಿನ ಲ್ಯಾಂಡ್‌ಲೈನ್ ಎತ್ತಿಕೊಂಡರು. "ಕುಲಕರ್ಣಿ ಮಾತಾಡ್ತೀನ್ರಿ. ಇನ್ನೊಂದು ರಿಂಗ್ ಬೇಕಿತ್ತು."

ಉತ್ತರ ನನ್ನವರೆಗೂ ಕೇಳಿಸಿತು.

"ಸಾಕು ಬಾಬು. ಮೊದಲು ಸರ್‌ಗೆ ಫೋನ್ ಕೊಡು."

ಸರ್ ರಿಸೀವರ್ ಹಿಡಿದೇ ನನ್ನತ್ತ ತಿರುಗಿದರು. ನಾನು ವಿಜಯವಾಡಕ್ಕೆ ರೈಲು ಎಷ್ಟು ಹೊತ್ತಿಗಿದೆ ಎಂದು ನೋಡತೊಡಗಿದೆ.