ಎದೆನೋವಿಲ್ಲವೆಂದ ಡ್ರೈವರನ ಪರವಾಗಿ

ಇಂಗಳೇಶ್ವರ
೧೨ ಆಗಸ್ಟ್ ೧೯೭೬

ರೋಗಿಯ ಮಾತಿಗಿಂತ ದೊಡ್ಡ ಪರೀಕ್ಷೆಯಿಲ್ಲವೆಂದು ನಂಬಿದ ಮಾನ್ಯ ವೈದ್ಯಾಧಿಕಾರಿಗಳೇ,

ಪ್ರಾಥಮಿಕ ಶಾಲೆಯ ಶಿಕ್ಷಕಿ ಇಂದ್ರಾಬಾಯಿಯ ಅನಂತ ವಂದನೆಗಳು. ತಮ್ಮ ಬಿಡುವಿಲ್ಲದ ಹೊತ್ತಿನಲ್ಲಿ ಇದನ್ನು ಓದುವ ತೊಂದರೆ ಕೊಟ್ಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ಇಂಡಿ–ಮುದ್ದೇಬಿಹಾಳ ಬಸ್ಸಿನ ಡ್ರೈವರ್ ರಾವಸಾಬ ನನ್ನ ಯಜಮಾನರು. ಕಳೆದ ವರ್ಷ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಎಂಟು ತಿಂಗಳು ಎಣ್ಣೆ ತಿಕ್ಕಿ, ಗೋಡೆ ಹಿಡಿಸಿ ನಡೆಸಿ, ಪಾಟಿಯ ಮೇಲೆ ಮತ್ತೆ ಅ ಆ ತಿದ್ದಿಸಿ ಆ ಕೈಕಾಲನ್ನು ಎಬ್ಬಿಸಿದೆ.

ನೌಕರಿಗೆ ಮರಳಲು ಬೇಕಾದ ಸರ್ಟಿಫಿಕೇಟಿಗಾಗಿ ಬಂದಾಗ ತಾವು ಕೈ ಎತ್ತಿಸಿದಿರಿ, ಕಾಲು ಎತ್ತಿಸಿದಿರಿ, "ಎದಿ ನೋಯ್ತದೇನು?" ಎಂದಿರಿ. ಸುಳ್ಳು ಬಾರದ ಅವರು "ಇಲ್ರಿ ಸಾಹೇಬ್ರ" ಎಂದರು. ನಾಲ್ಕು ಮೆಟ್ಟಿಲು ಹತ್ತಿದರೆ ಅವರು ಬೆವರುವುದನ್ನು ಕಂಡಿದ್ದ ನಾನು "ಮಷೀನ್ ಹಚ್ಚಿ ಎದಿ ಪಟ್ಟಿ ಒಮ್ಮೆ ತೆಗೀರಲ್ರಿ" ಎಂದು ಬೇಡಿದೆ. "ನೋವಿಲ್ಲದವಗ ಮಷೀನ್ ಯಾಕ್ರಿ ಬಾಯಿ?" ಎಂದು ನಕ್ಕು ಸಹಿ ಹಾಕಿದಿರಿ. ಕಸೂತಿ ಬಟ್ಟೆ ಹೊದ್ದು, ಮೇಲೊಂದು ಹೂದಾನಿ ಹೊತ್ತು ಕೂತಿದ್ದ ಆ ಇಸಿಜಿ ಮಷೀನಿಗೆ ರೋಗಿಗಳ ಮೈಬೆವರು ತಾಗದಂತೆ ಕಾಪಾಡಿದ ತಮ್ಮ ಕಾಳಜಿಯನ್ನು ಎಷ್ಟು ಹೊಗಳಿದರೂ ಸಾಲದು.

ನೌಕರಿಗೆ ಮರಳಿದ ಒಂಬತ್ತನೆಯ ದಿನ, ನಿಡಗುಂದಿ ದಾಟಿದ ಮೇಲೆ, ಯಜಮಾನರು ಬಸ್ಸನ್ನು ಬದಿಗೆ ನಿಲ್ಲಿಸಿ ಬ್ರೇಕ್ ಎಳೆದು, "ನೋವೇನಿಲ್ಲೋ ದಾವಲ, ಉಸಿರ ಸಾಲವಲ್ದು" ಎಂದು ಕಂಡಕ್ಟರ್ ದಾವಲಮಲಿಕನಿಗೆ ಹೇಳಿ ಸ್ಟೀರಿಂಗಿನ ಮೇಲೆ ತಲೆಯಿಟ್ಟರು. ಐವತ್ತೆರಡು ಪ್ರಯಾಣಿಕರಲ್ಲಿ ಒಬ್ಬರಿಗೂ ತರಚಲಿಲ್ಲ. ದಾವಲಮಲಿಕ ಅವರನ್ನು ಲಾರಿಯಲ್ಲಿ ಹಾಕಿಕೊಂಡು ವಿಜಾಪುರಕ್ಕೆ ಒಯ್ದ. ಅಲ್ಲಿಯ ವೈದ್ಯರು ಪಟ್ಟಿ ತೆಗೆದು ನೋಡಿ, ಸುದ್ದಿ ತಿಳಿದು ಓಡಿಹೋದ ನನಗೆ, "ಅವ್ವಾ, ಈ ಎದಿಗೆ ಹಿಂದನೂ ಒಮ್ಮೆ ಪೆಟ್ಟು ಬಿದ್ದೈತಿ. ನೋವಾಗಿಲ್ಲ, ಅದಕ್ಕ ಗೊತ್ತಾಗಿಲ್ಲ. ಲಕ್ವಾ ಹೊಡದವರೊಳಗ ಹಿಂಗ ಆಗೋದೈತಿ" ಎಂದರು. ಮರುದಿನ ಯಜಮಾನರು ತೀರಿಕೊಂಡರು.

ಆದ್ದರಿಂದ ತಾವು ದಯಮಾಡಿ ತಾಲೂಕಿನ ಎಲ್ಲ ಹೃದಯಗಳಿಗೆ ಒಂದು ಸುತ್ತೋಲೆ ಹೊರಡಿಸಿ, ಇನ್ನು ಮುಂದೆ ಕೆಡುವ ಮೊದಲು ಕಚೇರಿಯ ವೇಳೆಯಲ್ಲಿ, ಸ್ಪಷ್ಟವಾಗಿ, ಎಡಗಡೆಯೇ ನೋಯತಕ್ಕದ್ದೆಂದು ತಾಕೀತು ಮಾಡಬೇಕು. ಅದು ಆಗದಿದ್ದರೆ ಹೂದಾನಿಯನ್ನು ಕಿಟಕಿಗೆ ವರ್ಗಾಯಿಸಬಹುದು.

ತಮ್ಮ ಸಹಿಯ ಆ ಕಾಗದವನ್ನು ಜೋಪಾನವಾಗಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ
ಇಂದ್ರಾಬಾಯಿ

ತಾ.ಕ.: ಲಕ್ವಾ ಹೊಡೆದಿದ್ದ ನಮ್ಮೂರ ಸೈದಾಬಿ ಹೋದ ತಿಂಗಳು ತಮ್ಮ ಮೇಜಿನ ಮುಂದೆ "ಎದಿ ಒಡೀತದ್ರೀ" ಎಂದು ಚೀರಿದಾಗ ತಾವು ಗಾಬರಿಯಾಗಿ ಪಟ್ಟಿ ತೆಗೆದಿರಿ. ಅದರಲ್ಲಿ ದೋಷ ಕಂಡಿತು. ವಿಜಾಪುರದ ಔಷಧದಿಂದ ಆಕೆ ಈಗ ಚೇತರಿಸಿಕೊಂಡಿದ್ದಾಳೆ. ಆಕೆಗೂ ನೋವಿರಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಸುಳ್ಳು ಕಲಿಸಿದ್ದು ಆಕೆಯೊಬ್ಬಳಿಗೇ.