ಪಪ್ಪಾ ಸ್ನಾನಕ್ಕೆ ಹೋಗಿದ್ದಾರೆ

ಮುಂಬಯಿ ಪಕ್ಕದ ಡೊಂಬಿವಲಿಯ ಗುಣಪಾಲನಿಗೆ ಆ ಶನಿವಾರ ಬೆಳಗ್ಗೆಯಿಂದ ಒಂದೇ ಹೆದರಿಕೆ. ಸಂಜೆ ಅತ್ತೆ ಬರುತ್ತಾರೆ.

ಆಗಿದ್ದಿಷ್ಟು. ಹೆಂಡತಿ ಮುಕ್ತಾಳಿಗೆ ಠಾಣೆಯ ನೌಪಾಡಾದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಒಂಬತ್ತು ವರ್ಷದ ಮಗಳು ಅನುಷ್ಕಾ ಇನ್ನು ಮೇಲೆ ಶಾಲೆಯಿಂದ ಬಂದು ಸಂಜೆಯವರೆಗೆ ಮನೆಯಲ್ಲಿ ಒಬ್ಬಳೇ ಇರಬೇಕು. ಈ ಸುದ್ದಿ ಸಾನಪಾಡಾದಲ್ಲಿ ಮಗನ ಮನೆಯಲ್ಲಿದ್ದ ಅತ್ತೆ ಚಂಪಕ್ಕನ ಕಿವಿಗೆ ಬಿದ್ದದ್ದೇ ತಡ, ಫೋನು ಬಂತು.

"ಶನಿವಾರ ಬಂದು ನಾನೇ ನೋಡ್ತೇನೆ. ಮಗುವಿಗೆ ಒಬ್ಬಳೇ ಇರ್ಲಿಕ್ಕೆ ಆಗ್ತದೆ ಅಂತ ನನಗೆ ಕಂಡ್ರೆ ಸರಿ. ಇಲ್ಲದಿದ್ರೆ ನಾನು ನಿಮ್ಮಲ್ಲೇ ಬಂದು ಇರ್ತೇನೆ."

ಚಂಪಕ್ಕ ಕೆಟ್ಟವರೇನಲ್ಲ, ಪಾಪ. ಆದರೆ ಮನೆಯಲ್ಲಿರುವುದು ಒಂದೇ ಬೆಡ್‌ರೂಮು. ಅವರು ಬಂದರೆ ಮಂಚ ಅವರಿಗೆ, ಟಿವಿಯ ರಿಮೋಟೂ ಅವರಿಗೆ. ಗುಣಪಾಲನಿಗೆ ಹಾಲ್‌ನಲ್ಲಿ ಚಾಪೆ, ಕೋಳಿ ಕೂಗುವ ಮೊದಲೇ ಹಾಗಲಕಾಯಿ ಕಷಾಯ. ನೆನೆದೇ ಅವನ ಬಾಯಿ ಕಹಿಯಾಯಿತು.

ಹಾಗಾಗಿ ವಾರವಿಡೀ ಮಗಳಿಗೆ ಪಾಠ ನಡೆದಿತ್ತು. ಗ್ಯಾಸ್ ಮುಟ್ಟಬಾರದು. ಒಬ್ಬಳೇ ಇದ್ದೇನೆಂದು ಯಾರಿಗೂ ಹೇಳಬಾರದು. ಯಾರು ಕೇಳಿದರೂ 'ಪಪ್ಪಾ ಸ್ನಾನಕ್ಕೆ ಹೋಗಿದ್ದಾರೆ' ಅನ್ನಬೇಕು. ಬಾಗಿಲು ಮಾತ್ರ ಅವಳು ತೆರೆಯಲೇಬಾರದು. ಅಪ್ಪನೋ ಅಮ್ಮನೋ ತಮ್ಮ ಕೀಲಿಕೈಯಿಂದ ತೆಗೆದುಕೊಂಡು ಬರುತ್ತಾರೆ.

"ಅಜ್ಜಿ ಆಯೇಗೀ ತೋ?" ಎಂದಳು ಅನುಷ್ಕಾ. ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ.

"ಅಜ್ಜಿ ಬಂದ್ರೂ ಇಲ್ಲ."

"ಔರ್ ಆಪ್ ಬೋಲೋಗೇ ತೋ?"

"ನಾನೇ ಬಂದು ಕಾಲಿಗೆ ಬಿದ್ರೂ ತೆಗೀಬಾರ್ದು, ತಿಳೀತಾ?" ಎಂದು ಗುಣಪಾಲ ಮೇಜು ಗುದ್ದಿ ಹೇಳಿದ್ದ.

ಶನಿವಾರ ಮುಕ್ತಾ ಕ್ಲಿನಿಕ್ಕಿನ ಕೆಲಸದ ಮಾತಿಗೆಂದು ಠಾಣೆಗೆ ಹೋಗಿದ್ದಳು. ಮಧ್ಯಾಹ್ನ ಗುಣಪಾಲ ಆಫೀಸಿನಿಂದ ಬೇಗ ಬಂದು, ಊಟ ಮುಗಿಸಿ, ಕೊನೆಯ ತಾಲೀಮಿಗೆ ನಿಂತ. ಉಟ್ಟ ಲುಂಗಿ, ಬನಿಯನ್ನಿನಲ್ಲೇ ಹೊರಗೆ ಬಂದು ಬಾಗಿಲು ಎಳೆದುಕೊಂಡ. ಲ್ಯಾಚ್ ಟಕ್ಕೆಂದು ಬಿತ್ತು. ಗಂಟಲು ದಪ್ಪ ಮಾಡಿ "ಕೊರಿಯರ್!" ಎಂದು ಕೂಗಿದ.

"ಪಪ್ಪಾ ನಹಾ ರಹೇ ಹೈಂ. ಬಾದ್ ಮೇಂ ಆನಾ," ಎಂದು ಒಳಗಿನಿಂದ ಹಿಂದಿಯಲ್ಲಿ ಉತ್ತರ ಬಂತು. ಪಪ್ಪಾ ಸ್ನಾನಕ್ಕೆ ಹೋಗಿದ್ದಾರೆ, ಆಮೇಲೆ ಬನ್ನಿ ಅಂತ.

ಗ್ಯಾಸಿನವನಾಗಿ ಕೂಗಿದ. ಅದೇ ಉತ್ತರ. ಅಷ್ಟೇ ಅಲ್ಲ, ಒಳಗೆ ಬಚ್ಚಲಿನ ನಲ್ಲಿ ಧೋ ಎಂದು ಸುರಿಯತೊಡಗಿತು. ಹೇಳುವ ಸುಳ್ಳು ಅಚ್ಚುಕಟ್ಟಾಗಿರಲಿ ಎಂದು ಮಗಳು ನಲ್ಲಿಯನ್ನೂ ಬಿಟ್ಟಿದ್ದಳು! ಗುಣಪಾಲನ ಎದೆ ಹೆಮ್ಮೆಯಿಂದ ಉಬ್ಬಿತು.

"ಶಾಬಾಶ್ ಮಗಾ! ಸಾಕು, ಇನ್ನು ಬಾಗಿಲು ತೆಗಿ."

"ಪಪ್ಪಾ ನಹಾ ರಹೇ ಹೈಂ."

"ಏ, ನಾನೇ ಪಪ್ಪಾ ಮಾರಾಯ್ತಿ!"

"ಪಪ್ಪಾ ಹೋ ತೋ ಚಾಬೀ ಸೇ ಖೋಲೋ ನಾ."

ಪಪ್ಪಾ ಆದರೆ ಕೀಲಿಕೈಯಿಂದ ತೆಗೆಯಬೇಕಂತೆ! ಆ ಕೀಲಿಕೈ ಒಳಗೆ ಮೊಳೆಯಲ್ಲಿ ನೇತಾಡುತ್ತಿತ್ತು. ಮೊಬೈಲು ಟಿವಿಯ ಮೇಲಿತ್ತು. ಗುಣಪಾಲ ಗದರಿದ, ರಮಿಸಿದ, ಐಸ್‌ಕ್ರೀಮಿನ ಆಸೆ ತೋರಿಸಿದ. ಕಡೆಗೆ ಹೊಸ್ತಿಲಿಗೆ ಹಣೆ ಹಚ್ಚಿ ಬೇಡಿಕೊಂಡ. ಒಳಗೆ ನೀರು ಸುರಿಯುತ್ತಲೇ ಇತ್ತು.

ಗಲಾಟೆ ಕೇಳಿ ಎದುರುಮನೆಯ ದೇವದಾಸ್ ಹೊರಗೆ ಬಂದ. "ಎಂತ ಮಾರಾಯ್ರೆ ಇದು ವೇಷ? ನಿಮ್ಮ ಇನ್ನೊಂದು ಕೀ ನನ್ನಲ್ಲಿ ಇತ್ತಲ್ಲ... ಓ, ಸೇಫ್ಟಿ ಅಂತ ನಿನ್ನೆ ನೀವೇ ವಾಪಸ್ ತಗೊಂಡ್ರಿ."

"ಅದೂ ಒಳಗೇ ಉಂಟು," ಎಂದ ಗುಣಪಾಲ ಸಣ್ಣ ದನಿಯಲ್ಲಿ.

ದೇವದಾಸ್ ತನ್ನ ಮೊಬೈಲಿನಿಂದ ಗುಣಪಾಲನ ಮನೆಯ ಫೋನಿಗೆ ಮಾಡಿದ. ಎರಡು ಮಾತಾಡಿ ಕಟ್ ಮಾಡಿ ಗುಣಪಾಲನ ಮುಖ ನೋಡಿದ. "ನೀವು ಸ್ನಾನಕ್ಕೆ ಹೋಗಿದ್ದೀರಂತೆ."

ಮುಕ್ತಾಳ ನಂಬರ್ ಹುಡುಕಲು ದೇವದಾಸ್ ತನ್ನ ಮನೆಯೊಳಗೆ, ತನ್ನ ಹೆಂಡತಿಯ ಬಳಿ ಹೋದ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವನು ಅಂಬಾರಾಯ. ಕಲಬುರಗಿಯವನು, ಆ ಕಟ್ಟಡದ ಸೊಸೈಟಿಗೆ ವಾಚ್‌ಮನ್ ಆಗಿ ನಿನ್ನೆಯಷ್ಟೇ ಸೇರಿದ್ದ. ಟ್ಯಾಂಕಿನ ನೀರು ಯಾವ ಮನೆಯಲ್ಲಿ ಸೋರಿ ಖಾಲಿಯಾಗುತ್ತಿದೆ ಎಂದು ನೋಡಲು ಹೊರಟವನಿಗೆ, ಬನಿಯನ್ನಿನ ಅಪರಿಚಿತನೊಬ್ಬ ಬಾಗಿಲು ಬಡಿಯುವುದು ಕಂಡಿತು.

"ಯಾರಪಾ ನೀ?"

"ಇದು ನನ್ನ ಮನೆ!"

ಅಂಬಾರಾಯ ಬಾಗಿಲಿಗೆ ಕಿವಿಗೊಟ್ಟು, "ಅವ್ವೀ, ಮನ್ಯಾಗ ಯಾರದಾರ?" ಎಂದು ಕೇಳಿದ. ಉತ್ತರ ಕೇಳಿಸಿಕೊಂಡು ಗುಣಪಾಲನ ರಟ್ಟೆ ಹಿಡಿದ. "ಮನಿ ಯಜಮಾನ ಒಳಗ ಜಳಕ ಮಾಡ್ಲಿಕತ್ತಾನ. ನೀರು ಬೀಳೋ ಸಪ್ಪಳ ನಂಗೂ ಕೇಳಸ್ತದ. ನಡಿ ನೀ ಕೆಳಗ!"

ಅಷ್ಟರಲ್ಲಿ ಬಕೆಟು ಹಿಡಿದು ನೀರಿಲ್ಲವೆಂದು ಜಗಳಕ್ಕೆ ಬಂದ ಮೂರು ಮಹಡಿಯ ಜನ ಮೆಟ್ಟಿಲ ತುಂಬ ನೆರೆದರು. ಅವರ ನಡುವೆ ದಾರಿ ಮಾಡಿಕೊಂಡು, ಹಪ್ಪಳದ ಚೀಲ ಹಿಡಿದು ಏದುಸಿರು ಬಿಡುತ್ತ ಚಂಪಕ್ಕ ಹತ್ತಿ ಬಂದರು. ಅಳಿಯನ ಕಡೆ ಅವರು ನೋಡಲೂ ಇಲ್ಲ. ಬಂದ ಕೆಲಸವೇ ಬೇರೆ ಅಲ್ಲವೇ? ನೇರವಾಗಿ ಬಾಗಿಲು ತಟ್ಟಿದರು.

"ಮಗಾ, ಅಜ್ಜಿ ಬಂದಿದ್ದೇನೆ. ನಿನಗೆ ಹಪ್ಪಳ ತಂದಿದ್ದೇನೆ, ಬಾಗಿಲು ತೆಗಿ."

"ಪಪ್ಪಾ ನಹಾ ರಹೇ ಹೈಂ. ಬಾದ್ ಮೇಂ ಆನಾ."

ಚಂಪಕ್ಕನ ಮುಖ ಅರಳಿತು. "ಅಯ್ಯೋ ನನ್ನ ಬಂಗಾರವೇ! ನನಗೂ ತೆಗೀಲಿಲ್ಲವಲ್ಲ!" ಅವರ ಕಣ್ಣಲ್ಲಿ ನೀರೇ ಬಂತು.

ರಟ್ಟೆ ಇನ್ನೂ ಅಂಬಾರಾಯನ ಕೈಯಲ್ಲಿದ್ದರೂ ಗುಣಪಾಲ ಕುಣಿಯುವುದೊಂದು ಬಾಕಿ. "ನೋಡಿದ್ರಾ ಅತ್ತೆ? ಪಾಸಾದಳಲ್ಲ?"

ಚಂಪಕ್ಕ ಆಗಲೇ ತಿರುಗಿ ನೋಡಿದ್ದು. ಲುಂಗಿ, ಬನಿಯನ್, ಬರಿಗಾಲು, ಹಣೆಗೆ ಹೊಸ್ತಿಲ ಧೂಳು. "ಇದೆಂತ ಅವತಾರ ನಿಮ್ಮದು?" ಎಂದರು. ದೇವದಾಸ್ ಓಡಿಬಂದು ಅಂಬಾರಾಯನ ಕೈ ಬಿಡಿಸಿ ಎಲ್ಲವನ್ನೂ ಹೇಳಿದ. ಒಂದೂ ಬಿಡದೆ ಹೇಳಿದ, ಪುಣ್ಯಾತ್ಮ.

ಲೋಕಲ್ ರೈಲು ಇಳಿದು ಬಂದ ಮುಕ್ತಾ ತನ್ನ ಕೀಲಿಕೈಯಿಂದ ಬಾಗಿಲು ತೆರೆದಾಗ ಅನುಷ್ಕಾ ಸೋಫಾದಲ್ಲಿ ಕುಳಿತು ಆರಾಮಾಗಿ ಬಿಸ್ಕತ್ತು ತಿನ್ನುತ್ತಿದ್ದಳು. ಚಂಪಕ್ಕ ಅವಳನ್ನು ತಬ್ಬಿ ದೃಷ್ಟಿ ತೆಗೆದರು. "ಇವಳನ್ನು ಯಾವ ಹೆದರಿಕೆಯೂ ಇಲ್ಲದೆ ಒಬ್ಬಳೇ ಬಿಡಬಹುದು ಮುಕ್ತಾ. ನೀನು ಧೈರ್ಯವಾಗಿ ಕೆಲಸಕ್ಕೆ ಹೋಗು."

ಗುಣಪಾಲ ನೆಮ್ಮದಿಯ ಉಸಿರು ಬಿಟ್ಟು ಸೋಫಾಕ್ಕೆ ಒರಗಿದ.

ಚಂಪಕ್ಕ ಸಾನಪಾಡಾದ ಮಗನಿಗೆ ಫೋನು ಮಾಡಿದರು. "ಹಲೋ, ನನ್ನ ಸೀರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಸಿ ನಾಳೆ ಇಲ್ಲಿಗೆ ತಂದುಬಿಡು. ನಾನು ಇನ್ನು ಇಲ್ಲೇ ಇರ್ತೇನೆ... ಛೆ ಛೆ, ಮಗುವನ್ನು ನೋಡಿಕೊಳ್ಳಲಿಕ್ಕೆ ಅಲ್ಲವೋ, ಅಳಿಯನನ್ನು!"